ಓಬರ್‌ಟಾಲಿನ ಅಂಚೆಯ ಬುರ್ಗಲ್

ಆಸ್ಟ್ರಿಯದ ಬೆಟ್ಟಗಳ ನಡುವಿನ ಓಬರ್‌ಟಾಲಿನಲ್ಲಿ ನೋಟ್‌ಬುರ್ಗಾ ಶ್ರಾನ್ಸ್‌ಹೋಫರ್ ಅವರ ಮನೆ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚನೆ ಮಾಡುತ್ತಾರೆ. ಅವರನ್ನೇ ಅಂಚೆಯ ಬುರ್ಗಲ್ ಎಂದರೆ ಸಾಕು, ಕೈ ತಾನಾಗಿ ನಮ್ಮ ಮನೆಯ ಕಡೆ ತಿರುಗುತ್ತದೆ. ಮೂವತ್ತೊಂದು ವರ್ಷ ಈ ಕಣಿವೆಯ ಮನೆಮನೆಗೂ ಕಾಗದ ಮುಟ್ಟಿಸಿದವಳು ಅವಳು. ಬೇಸಿಗೆಯಲ್ಲಿ ಹಳದಿ ಮೊಪೆಡ್ ಮೇಲೆ, ಚಳಿಗಾಲದಲ್ಲಿ ಕಾಲಿಗೆ ಸ್ಕೀ ಕಟ್ಟಿಕೊಂಡು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ, ಊರಿನ ಗಂಡಸರ ಕಾಗದಗಳನ್ನೆಲ್ಲ ಹೊತ್ತ ಮೇಲೆ ಗಂಡಸರ ಬಗ್ಗೆ ತಿಳಿಯುವುದು ಏನೂ ಉಳಿದಿರಲಿಲ್ಲ ಎನ್ನುತ್ತಿದ್ದಳಂತೆ.

ನಾವು ಬಂದಾಗ ಅವಳಿಗೆ ಅರವತ್ತೇಳು, ಅಂಚೆ ಕೆಲಸದಿಂದ ನಿವೃತ್ತಳಾಗಿದ್ದಳು. ನನ್ನ ಗಂಡ ಗವಿಸಿದ್ದಪ್ಪ ಮುನಿರಾಬಾದಿನ ವಿದ್ಯುತ್ ಮನೆಯಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿನ ಹಳೆಯ ಟರ್ಬೈನು ಬಿಚ್ಚಿ ಜೋಡಿಸಲು ಬಂದಿದ್ದ ಆಸ್ಟ್ರಿಯದ ಎಂಜಿನಿಯರೊಬ್ಬರು ಇವರ ಕೈಗುಣ ಮೆಚ್ಚಿ, ಈ ಕಣಿವೆಯ ಮೇಲಿರುವ ಅಣೆಕಟ್ಟಿನ ಕೆಲಸಕ್ಕೆ ಎರಡು ವರ್ಷದ ಮಟ್ಟಿಗೆ ಕರೆಸಿಕೊಂಡರು. ಏಳು ವರ್ಷದ ಶಾಂಭವಿ, ನಾಲ್ಕು ವರ್ಷದ ತುಂಗಾ, ಹೊಸಪೇಟೆಯ ಬಿಸಿಲು ಬಿಟ್ಟು ಬೇರೇನೂ ಕಾಣದ ನಾನು, ಎಲ್ಲರೂ ಅಕ್ಟೋಬರಿನಲ್ಲಿ ಬಂದು ಬುರ್ಗಲ್‌ಳ ಮನೆಯ ಮೇಲಿನ ಮಹಡಿ ಸೇರಿದೆವು. ಕೆಳಗೆ ಅವಳು, ಮೇಲೆ ನಾವು. ಇವರು ಸೋಮವಾರ ಅಣೆಕಟ್ಟಿಗೆ ಹತ್ತಿದರೆ ಶುಕ್ರವಾರ ಇಳಿಯುತ್ತಿದ್ದರು.

ಮೊದಲ ಒಂದು ತಿಂಗಳು ನಾನೂ ಬುರ್ಗಲ್‌ಳೂ ತಲೆಯಾಡಿಸಿದ್ದು ಬಿಟ್ಟರೆ ಮಾತಾಡಿರಲಿಲ್ಲ. ನನಗೆ ಅವರ ಮಾತು ಬರುತ್ತಿರಲಿಲ್ಲ, ಅವಳಿಗೆ ಪುರುಸೊತ್ತು ಇರುತ್ತಿರಲಿಲ್ಲ. ನಮ್ಮನ್ನು ಒಂದುಗೂಡಿಸಿದ್ದು ನಾನು ಮಾಡಿದ ಒಂದು ದಡ್ಡ ಕೆಲಸ.

ನವೆಂಬರಿನ ಒಂದು ಬೆಳಿಗ್ಗೆ ಎದ್ದು ನೋಡಿದರೆ ಹೊರಗಿನ ಮೆಟ್ಟಿಲ ತುಂಬ ಹಿಮ. ಶಾಂಭವಿ ಶಾಲೆಗೆ ಹೊರಡಬೇಕು. ಸಲಿಕೆ ಎಲ್ಲಿದೆಯೋ ಗೊತ್ತಿಲ್ಲ. ಹಿಮ ಅಂದರೇನು, ನೀರು ತಾನೇ ಎಂದುಕೊಂಡು, ಎರಡು ದೊಡ್ಡ ಪಾತ್ರೆ ನೀರು ಕಾಯಿಸಿ ಮೆಟ್ಟಿಲ ಮೇಲೆ ಸುರಿದೆ. ಹಿಮ ಕರಗಿ ಹರಿದುಹೋಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ, ಹುಡುಗಿಗೆ ಟೊಪ್ಪಿಗೆ ಹಾಕಲು ಒಳಗೆ ಹೋದೆ. ಅಷ್ಟರಲ್ಲಿ ಹೊರಗೆ ದಡಬಡ ಸದ್ದಾಯಿತು. ಓಡಿ ಬಂದು ನೋಡಿದರೆ ಮೆಟ್ಟಿಲುಗಳೆಲ್ಲ ಗಾಜು. ನಮಗೆ ಹಾಲು ಕೊಡಲು ಹತ್ತಿ ಬರುತ್ತಿದ್ದ ಬುರ್ಗಲ್ ಕೆಳಗಿನ ಮೆಟ್ಟಿಲ ಹತ್ತಿರ ಕುಂಡೆಯೂರಿ ಕೂತಿದ್ದಾಳೆ. ಹಾಲಿನ ಪಾತ್ರೆ ಮಾತ್ರ ಎರಡೂ ಕೈಯಲ್ಲಿ ನೆಟ್ಟಗಿದೆ.

ಅವಳು ಎದ್ದು, ಸೊಂಟ ಒತ್ತಿಕೊಂಡು ಒಳಗೆ ಹೋದಳು. ಇನ್ನು ಮನೆ ಖಾಲಿ ಮಾಡಿ ಎನ್ನುತ್ತಾಳೆ ಎಂದು ನಾನು ನಿಂತೇ ಇದ್ದೆ. ಅವಳು ಒಲೆಯ ಬೂದಿ ತುಂಬಿದ ಬಕೆಟ್ ತಂದು, ಮೆಟ್ಟಿಲಿಗೆಲ್ಲ ಎರಚುತ್ತ ಒಂದೊಂದೇ ಹತ್ತಿ ಬಂದು ಹಾಲು ನನ್ನ ಕೈಗಿಟ್ಟಳು. ಅವಳು ಆಡಿದ್ದು ಏನೆಂದು ಅರ್ಥವಾಗದಿದ್ದರೂ ಯಾವ ಧಾಟಿಯದೆಂದು ತಿಳಿಯಿತು. ಬೆಟ್ಟದ ಕಡೆಯ ಅವಳ ಮಾತು ನನ್ನ ಕಿವಿಗೆ ಅಂದಿನಿಂದ ಇಂದಿನವರೆಗೂ ನಮ್ಮೂರ ಮಾತಿನಂತೆಯೇ ಬಿದ್ದಿದೆ. ಅಂದು ಅವಳು ಅಂದದ್ದನ್ನು ಶಾಂಭವಿ ಶಾಲೆಯಲ್ಲಿ ಕಲಿತಷ್ಟರಲ್ಲಿ ಬಿಡಿಸಿ ಹೇಳಿದಳು:

"ಏನವಾ, ನಿಮ್ಮೂರಾಗ ಮನಿ ಮಾಲಕರನ್ನ ಹಿಂಗ ಮುಗಸ್ತೀರೇನು? ಮೊದ್ಲು ಬೂದಿ ಹಾಕು, ಆಮ್ಯಾಲೆ ಜಗಳ ಮಾಡೂಣು."

ಜಗಳವಾಗಲಿಲ್ಲ. ಆ ದಿನದಿಂದ ಅವಳು ನನಗೆ ಚಳಿಗಾಲವನ್ನೂ, ಅದರ ಜೊತೆಗೆ ತನ್ನ ಮಾತನ್ನೂ ಕಲಿಸಲು ನಿಂತಳು. ಕಟ್ಟಿಗೆಯನ್ನು ತೊಗಟೆ ಮೇಲೆ ಮಾಡಿ ಒಟ್ಟಬೇಕು. ಕಿಟಕಿಯನ್ನು ದಿನಕ್ಕೆರಡು ಸಲ ಪೂರ್ತಿ ತೆರೆದು ಮುಚ್ಚಬೇಕು, ಸಂದು ಬಿಟ್ಟು ಕೂರಬಾರದು. ಮಕ್ಕಳ ಕೈಗವಸಿಗೆ ದಾರ ಕಟ್ಟಿ ಕೊರಳಿಗೆ ಹಾಕಬೇಕು. ನಾನು ಅವಳನ್ನು 'ನೀವು' ಎಂದರೆ ಸಿಟ್ಟಾಗುತ್ತಿದ್ದಳು. ಸಾವಿರ ಮೀಟರಿನ ಎತ್ತರದ ಮೇಲೆ ಯಾರೂ ಯಾರಿಗೂ 'ನೀವು' ಅನ್ನುವುದಿಲ್ಲ, ದೇವರಿಗೂ ಅನ್ನುವುದಿಲ್ಲ ಎಂದು ಬೈದಳು. ಹಂಪಮ್ಮ ಎಂಬ ನನ್ನ ಹೆಸರು ಅವಳ ಬಾಯಲ್ಲಿ ಹಂಪಿಯಾಯಿತು. ನನ್ನ ಊರು ಅದರ ಪಕ್ಕದ್ದೇ ಎಂದು ಅವಳಿಗೆ ತಿಳಿದಿರಲಿಲ್ಲ. ಅವಳು ಕರೆದಾಗಲೆಲ್ಲ ಊರಿನಿಂದ ಯಾರೋ ಕೂಗಿದಂತೆ ತಿರುಗಿ ನೋಡುತ್ತಿದ್ದೆ.

ಡಿಸೆಂಬರಿನಲ್ಲಿ ಒಂದು ಭಾನುವಾರ ಇವರೂ ಮನೆಯಲ್ಲಿದ್ದಾಗ, ನಮ್ಮೆಲ್ಲರನ್ನೂ ಮೇಲಿನ ಹುಲ್ಲುಗಾವಲ ಗುಡಿಸಲಿನವರೆಗೆ ನಡೆಸಿದಳು. ಅಲ್ಲಿಂದ ಮರದ ಜಾರುಬಂಡಿಯಲ್ಲಿ ಇಳಿಯಬೇಕು, ಮೂರು ಕಿಲೋಮೀಟರು. ತುಂಗಾಳನ್ನು ತನ್ನ ಮುಂದೆ ಕೂರಿಸಿಕೊಂಡಳು. ಶಾಂಭವಿ ಅವರಪ್ಪನ ಜೊತೆ. ನನಗೊಂದು ಬೇರೆ ಬಂಡಿ. ನಾನು ಇವರ ಪ್ಯಾಂಟು ತೊಟ್ಟು, ಮೇಲೆ ಎರಡು ಸ್ವೆಟರು, ಅದರ ಮೇಲೆ ಕೋಟು ಹಾಕಿ ಹತ್ತಿಯ ಮೂಟೆಯಾಗಿದ್ದೆ. ಬಲಕ್ಕೆ ತಿರುಗಬೇಕಾದರೆ ಬಲಗಾಲು ಊರು, ನಿಲ್ಲಬೇಕಾದರೆ ಎರಡೂ ಊರು, ಅಷ್ಟೇ ಎಂದಳು. ಎರಡನೆಯ ತಿರುವಿನಲ್ಲಿ ಯಾವ ಕಾಲು ಯಾವುದೆಂದು ಮರೆತೆ. ಬಂಡಿ ಒಂದು ಕಡೆ ಹೋಯಿತು, ನಾನೊಂದು ಕಡೆ. ಎದೆಮಟ್ಟ ಹಿಮದಲ್ಲಿ ತಲೆಕೆಳಗಾಗಿ ಹೂತು, ಬೂಟು ಮಾತ್ರ ಹೊರಗಿದ್ದವಂತೆ. ಇವರು ಎಳೆದು ತೆಗೆದಾಗ ನನ್ನ ಬಾಯಿ, ಮೂಗು, ಜಡೆ, ಎಲ್ಲದರಲ್ಲೂ ಹಿಮ. ಅಳು ಬರುತ್ತದೆ ಎಂದುಕೊಂಡೆ, ನಗು ಬಂತು. ಊರು ಬಿಟ್ಟ ಮೇಲೆ ನಾನು ಹಾಗೆ ನಕ್ಕಿರಲಿಲ್ಲ. ಮಕ್ಕಳು ನನ್ನನ್ನೇ ನೋಡುತ್ತ ನಿಂತರು.

ಕ್ರಿಸ್‌ಮಸ್‌ ಹಿಂದಿನ ಸಂಜೆ ಬುರ್ಗಲ್ ಹೆಂಚಿನ ಮೇಲೆ ಕೆಂಡ ಹಾಕಿ, ಧೂಪ ಉದುರಿಸಿ, ಮನೆಯ ಕೋಣೆಕೋಣೆಗೂ ಹೊಗೆ ಹಿಡಿದಳು. ಹಿಂದೆ ಯಾರಾದರೂ ಪವಿತ್ರ ಜಲ ಚಿಮುಕಿಸುತ್ತ ಬರಬೇಕು. ಇಷ್ಟು ವರ್ಷ ಎರಡೂ ಕೆಲಸ ತಾನೇ ಮಾಡುತ್ತಿದ್ದಳಂತೆ. ಆ ಸಲ ಜಲ ನಮ್ಮ ಮಕ್ಕಳ ಕೈಯಲ್ಲಿತ್ತು. ನಮ್ಮೂರ ಮನೆಯ ಶುಕ್ರವಾರದ ಲೋಬಾನದ ವಾಸನೆ ಮೂಗಿಗೆ ಬಡಿದು ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ.

ಜನವರಿಯ ಎರಡನೆಯ ವಾರ ಹಿಮ ಬೀಳಲು ಶುರುವಾದದ್ದು ನಿಲ್ಲಲೇ ಇಲ್ಲ. ಮೂರನೆಯ ದಿನ ಕಣಿವೆಯ ರಸ್ತೆ ಮುಚ್ಚಿದರು. ಮೇಲಿನ ಇಳಿಜಾರಿನಲ್ಲಿ ಹಿಮ ಜಾರುವ ಭಯ. ಇವರು ಅಣೆಕಟ್ಟಿನಲ್ಲೇ ಉಳಿದರು. ಹೆಲಿಕಾಪ್ಟರು ಮಂಜಿನಲ್ಲಿ ಹಾರುವಂತಿರಲಿಲ್ಲ. ಊರಿನವರಿಗೆ ಇದು ಹೊಸದಲ್ಲ. ಮನೆಯಲ್ಲಿ ಹಿಟ್ಟು, ಆಲೂಗಡ್ಡೆ, ಹಂದಿಮಾಂಸ ಎಲ್ಲ ಇರುತ್ತದೆ, ಇಸ್ಪೀಟು ತೆಗೆದು ಕೂರುತ್ತಾರೆ. ನಾಲ್ಕನೆಯ ದಿನ ತುಂಗಾಳಿಗೆ ಕಿವಿನೋವು ಬಂತು. ಜ್ವರ ಏರಿತು. ಇದ್ದ ಔಷಧಿಗೆ ಇಳಿದು ಮತ್ತೆ ಏರಿತು. ಐದನೆಯ ದಿನ ಬೆಳಿಗ್ಗೆ ಕಿವಿಯ ಹಿಂದೆ ಕೆಂಪಾಗಿ ಬಾವು ಕಾಣಿಸಿತು. ಮಗು ಅಳುವುದನ್ನೂ ಬಿಟ್ಟು ಸುಮ್ಮನೆ ಮಲಗಿತ್ತು.

ಬುರ್ಗಲ್ ಕೆಳಗಿನೂರಿನ ಡಾಕ್ಟರಿಗೆ ಫೋನು ಮಾಡಿದಳು. ಬಾವಿನ ಮಾತು ಕೇಳಿ ಅವರು, ಔಷಧಿ ಇವತ್ತೇ ಶುರುವಾಗಬೇಕು, ನಾಳೆಗೆ ಬಿಡಬೇಡಿ ಎಂದರು. ಔಷಧಿ ಅವರ ಹತ್ತಿರವೇ ಇದೆ. ನಡುವೆ ಇರುವುದು ಮುಚ್ಚಿದ ಏಳು ಕಿಲೋಮೀಟರು ರಸ್ತೆ. ಅವಳು ಫೋನು ಇಟ್ಟು, ಗೋಡೆಗೆ ತೂಗುಹಾಕಿದ್ದ ಸ್ಕೀ ಇಳಿಸಿದಳು. ನನಗೆ ಅರ್ಥವಾಯಿತು. ಬೇಡ ಎಂದು ಅವಳ ತೋಳು ಹಿಡಿದುಕೊಂಡೆ. ನಿನಗೇನಾದರೂ ಆದರೆ ನಾನು ಈ ಊರಿಗೆ ಹೇಗೆ ಮುಖ ತೋರಿಸಲಿ ಎಂದೆ.

"ರಸ್ತಿ ಮ್ಯಾಲೆ ಯಾರ ಹೊಂಟಾರ?" ಎಂದಳು. "ಅಂಚಿ ದಾರಿ ಬ್ಯಾರೆ ಐತಿ. ಕಾಡಿನ ಒಳಗ ಹಾದು ಹೋಗೂದು. ದಟ್ಟ ಮರ ನಿಂತಲ್ಲಿ ಹಿಮ ಜಾರಂಗಿಲ್ಲ. ಮುನ್ನೂರು ವರ್ಷದಿಂದ ಆ ಕಾಡು ಯಾರೂ ಕಡದಿಲ್ಲ, ಇದಕ್ಕಂತನ ಬಿಟ್ಟಾರ. ನೀ ಕೂಸಿಗೆ ನೀರು ಕುಡಸ್ತಿರು."

ಊರಿನ ಮೇಯರಿಗೆ ಫೋನಿನಲ್ಲಿ ತಿಳಿಸಿದಳು. ಅವನು ಕೂಗಾಡಿದ್ದು ನನಗೂ ಕೇಳಿಸಿತು. ಕಡೆಗೆ, ಮರ ಕೊಯ್ಯುವ ಮಿಲ್ಲಿನ ಅಲೋಯಿಸ್‌ನನ್ನು ಜೊತೆಗೆ ಕಳಿಸುತ್ತೇನೆ ಎಂದನಂತೆ. ಅಲೋಯಿಸ್ ಬಂದ, ನಲವತ್ತರ ಗಟ್ಟಿ ಆಳು. ಅವಳು ಅವನಿಗೆ ಹಾಕಿದ ಷರತ್ತು ಒಂದೇ: ಮಾತಾಡಬಾರದು, ಮಾತಾಡಿದರೆ ತಡವಾಗುತ್ತದೆ. ಬೆಳಗಿನ ಎಂಟಕ್ಕೆ ಇಬ್ಬರೂ ಮರಗಳ ನಡುವೆ ಮರೆಯಾದರು.

ಆ ದಿನವನ್ನು ನಾನು ಹೇಗೆ ಕಳೆದೆನೋ ನನಗೇ ನೆನಪಿಲ್ಲ. ಪಕ್ಕದ ಮನೆಯವರು ಒಬ್ಬೊಬ್ಬರಾಗಿ ಬಂದರು. ಒಬ್ಬಳು ಸೂಪು ತಂದಳು, ಒಬ್ಬಳು ಈರುಳ್ಳಿ ಹೆಚ್ಚಿ ಬಟ್ಟೆಯಲ್ಲಿ ಕಟ್ಟಿ ಮಗುವಿನ ಕಿವಿಗಿಟ್ಟಳು. ಬಂದವರು ಯಾರೂ ಎದ್ದು ಹೋಗಲಿಲ್ಲ. ಇವರು ಮೇಲಿನಿಂದ ಗಂಟೆಗೊಮ್ಮೆ ಫೋನು ಮಾಡುತ್ತಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಶಾಂಭವಿ ಕಿಟಕಿಯಿಂದ, ಬಂದರು ಎಂದಳು. ಮುಂದೆ ಬುರ್ಗಲ್, ಹಿಂದೆ ಏದುಸಿರು ಬಿಡುತ್ತ ಅಲೋಯಿಸ್. ಅವಳ ಹುಬ್ಬೆಲ್ಲ ಬೆಳ್ಳಗಾಗಿತ್ತು. ಔಷಧಿಯ ಬಾಟಲಿ ಹೆಪ್ಪುಗಟ್ಟಬಾರದೆಂದು ರವಿಕೆಯೊಳಗೆ ಇಟ್ಟುಕೊಂಡು ತಂದಿದ್ದಳು. ಕೈಗವಸು ಕಳಚಿ ಮೊದಲ ಚಮಚ ತಾನೇ ಕುಡಿಸಿದಳು.

ನಾನು ಬಿಸಿನೀರು ತಂದು ಅವಳ ಪಾದ ಬೋಗುಣಿಯಲ್ಲಿಟ್ಟೆ. ಮುಟ್ಟಿದರೆ ಕಲ್ಲು. ಉಜ್ಜುತ್ತ, ಯಾರದೋ ಮಗುವಿಗಾಗಿ ಈ ವಯಸ್ಸಿನಲ್ಲಿ ಯಾಕೆ ಹೋದೆ ಎಂದು ಕೇಳಿದೆ. ಅವಳು ಹೇಳಿದಳು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಹೀಗೆಯೇ ರಸ್ತೆ ಮುಚ್ಚಿತ್ತು. ಫೋನಿನ ತಂತಿಯೂ ಬಿದ್ದಿತ್ತು. ಅದಕ್ಕೂ ಸ್ವಲ್ಪ ಮೊದಲು ಮೇಲಿನ ಹೊಲದ ವಿಧವೆಯೊಬ್ಬಳಿಗೆ ಒಂದು ಟೆಲಿಗ್ರಾಂ ಬಂದಿತ್ತು, ಆಸ್ಪತ್ರೆಯಲ್ಲಿದ್ದ ಮಗ ಕರೆಯುತ್ತಿದ್ದಾನೆ ಎಂದು. ಕಾಡುದಾರಿ ಗೊತ್ತಿದ್ದೂ ಅದನ್ನು ಮುಟ್ಟಿಸಲು ಬುರ್ಗಲ್ ಹೆದರಿ ನಾಲ್ಕು ದಿನ ಕಾದಳು. ಆ ತಾಯಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗ ತೀರಿಹೋಗಿದ್ದ.

"ಆಕಿ ನನಗ ಒಂದು ಮಾತೂ ಅನ್ನಲಿಲ್ಲ," ಎಂದಳು. "ಅಂದಿದ್ರ ಚಲೋ ಇತ್ತು. ಇವತ್ತು ನಿನ್ನ ಮಗಳು ನನಗ ಒಂದು ದಾರಿ ಮಾಡಿಕೊಟ್ಳು ನೋಡು. ಅದಕ್ಕ ನಾನ ನಿನಗ ಋಣಿ, ನೀ ಅಲ್ಲ."

ನಾನು ಅವಳ ಪಾದ ಒರೆಸಿ, ಇವರ ಉಣ್ಣೆಯ ಕಾಲುಚೀಲ ಹಾಕಿದೆ. ಮರುದಿನ ಮಧ್ಯಾಹ್ನ ಜ್ವರ ಬಿಟ್ಟಿತು. ತುಂಗಾ ಎದ್ದು ಕೂತು, ಬುರ್ಗಲ್ ಮಾಡುವ ಚೀಸಿನ ಉಂಡೆಯ ಸೂಪು ಬೇಕೆಂದಳು. ಎರಡು ದಿನದ ಮೇಲೆ ಇವರು ಅಣೆಕಟ್ಟಿನಿಂದ ಸಾಮಾನು ಇಳಿಸುವ, ತಂತಿಯ ಮೇಲೆ ಸಾಗುವ ತೊಟ್ಟಿಲಲ್ಲಿ ಕೂತು ಬಂದರು. ಮಗಳನ್ನು ಎತ್ತಿಕೊಂಡರು, ಆಮೇಲೆ ಕೆಳಗಿಳಿದು ಹೋಗಿ ಬುರ್ಗಲ್‌ಳ ಕಾಲಿಗೆ ಬಿದ್ದರು. ಅವಳು ಗಾಬರಿಯಾಗಿ ಹಿಂದೆ ಸರಿದು, ಏನು ಕಳೆದುಕೊಂಡು ಹುಡುಕುತ್ತಿದ್ದೀಯಪ್ಪ ಎಂದು ಕೇಳಿದಳು.

ಫೋನಿನಲ್ಲಿ ಈ ಕಥೆ ಕೇಳಿದ ನಮ್ಮವ್ವ, ಆಕೆಯನ್ನು ನಾನು ನೋಡಬೇಕು ಎಂದು ಹಟ ಹಿಡಿದಳು. ಮುಂದಿನ ಚಳಿಗಾಲಕ್ಕೆ ನಾವು ಊರಿಗೆ ಹೊರಟಾಗ ಬುರ್ಗಲ್‌ಳನ್ನೂ ಕರೆದುಕೊಂಡು ಹೋದೆವು. ಅವಳು ವಿಮಾನ ಹತ್ತಿದ್ದು ಅದೇ ಮೊದಲು. ಹೊಸಪೇಟೆಯ ನಮ್ಮ ಅಂಗಳದಲ್ಲಿ ಅವಳೂ ಅವ್ವನೂ ಮೂರು ವಾರ ಶೇಂಗಾ ಸುಲಿಯುತ್ತ ಕೂತರು. ಅವಳದು ಅವಳ ಮಾತು, ಇವಳದು ಇವಳ ಮಾತು. ಇಬ್ಬರೂ ಏನೇನೋ ಹೇಳಿಕೊಂಡು ತಲೆಯಾಡಿಸುತ್ತಿದ್ದರು. ಹೊರಡುವ ದಿನ ಅವ್ವ ಅವಳನ್ನು ಮಣೆಯ ಮೇಲೆ ಕೂರಿಸಿ, ಹೊಸ ಸೀರೆಯ ಸೆರಗು ಹೊದಿಸಿ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಬಸದ ಖಣ ಇಟ್ಟು ಉಡಿ ತುಂಬಿದಳು. ನೋಡುತ್ತ ನಿಂತಿದ್ದ ನೆರೆಮನೆಯಾಕೆ, ಮದುವೆಯಾಗದವಳಿಗೆ ಉಡಿ ತುಂಬುವುದುಂಟೇ ಎಂದು ರಾಗ ಎಳೆದಳು.

"ನನ್ನ ಮೊಮ್ಮಗಳನ್ನ ಉಳಿಸಿಕೊಟ್ಟಾಕಿ," ಎಂದಳು ಅವ್ವ, ಅಕ್ಕಿ ಹಾಕುವುದನ್ನು ನಿಲ್ಲಿಸದೆ. "ಮಗಳಿಗೆ ಉಡಿ ತುಂಬಾಕ ಮತ್ಯಾರನ್ನ ಕೇಳಬೇಕು?"

ಬುರ್ಗಲ್ ಅಕ್ಕಿ ಚೆಲ್ಲದಂತೆ ಸೆರಗು ಹಿಡಿದು, ಇದೇನು ಎಂದು ನನ್ನನ್ನು ಕೇಳಿದಳು. ಮಗಳು ತವರಿನಿಂದ ಹೊರಡುವಾಗ ಹೀಗೆ ಕಳಿಸುತ್ತಾರೆ ಎಂದೆ. ಅವಳು ಮೂಗು ಸೀಟಿಕೊಂಡು, ಬಿಸಿಲಿಗೆ ಶೀತ ಬಂದಿದೆ ಎಂದಳು.

ಇವರ ಎರಡು ವರ್ಷದ ಕೆಲಸ ಇಪ್ಪತ್ತು ವರ್ಷವಾಯಿತು. ಬುರ್ಗಲ್‌ಳಿಗೆ ಈಗ ಎಂಬತ್ತೇಳು. ಮಂಡಿ ಸೋತಿದೆ, ಹೊರಗೆ ಹೋಗುವುದು ಕಡಿಮೆ. ಮಧ್ಯಾಹ್ನದ ಊಟ ನಾನೇ ಒಯ್ಯುತ್ತೇನೆ. ನಿನ್ನೆಯ ಸಾರಿಗೆ ಉಪ್ಪು ಸಾಲದು ಎಂದು ದಿನವೂ ಬೈಸಿಕೊಳ್ಳುತ್ತೇನೆ, ಬಟ್ಟಲು ಮಾತ್ರ ಖಾಲಿಯಾಗಿ ವಾಪಸು ಬರುತ್ತದೆ. ಇವತ್ತು ಮತ್ತೆ ಹಿಮ ಬೀಳುತ್ತಿದೆ. ಅವಳು ಕಿಟಕಿಯ ಹತ್ತಿರ ಕುರ್ಚಿ ಎಳೆಸಿಕೊಂಡು, ಹೊಸ ಅಂಚೆಯ ಹುಡುಗಿ ಯಾವ ದಾರಿಯಲ್ಲಿ ಬರುತ್ತಾಳೋ ನೋಡೋಣ ಎಂದು ಕಾಯುತ್ತಿದ್ದಾಳೆ.