ಅಕ್ಕನ ‘ತಡಿ’

ಹೆಚ್ಚಿದ ಜೀಗುಜ್ಜೆಯನ್ನು ಅಕ್ಕ ನೇರ ಬಾಣಲೆಗೆ ಹಾಕಲು ಬಿಟ್ಟವಳಲ್ಲ. ಒಂದು ಹೋಳನ್ನು ನೆಲ್ಲಿಕಾಯಿ ರಸದಲ್ಲಿ ಅದ್ದಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಬೋಳಾರದ ನಮ್ಮ ಅಡುಗೆಮನೆಯ ಕಿಟಕಿಯಲ್ಲಿಟ್ಟು ನೋಡುತ್ತ ಕೂರುವಳು. ಹಾಗೆಯೇ ಬಿಟ್ಟದ್ದು ಕಪ್ಪಾಗುತ್ತಿತ್ತು. ಅದ್ದಿದ್ದು ಬೆಳ್ಳಗೇ ಉಳಿಯುತ್ತಿತ್ತು. ನಾನು ಕೈ ಹಾಕಿದರೆ, “ತಡಿ!”

ಅಕ್ಕ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮನೆಯಲ್ಲಿ ನಮ್ಮದು ತುಳು. ‘ತಡಿ’ ಎಂಬ ಕನ್ನಡ ಮಾತ್ರ ಅವಳ ಜೊತೆ ತರಗತಿಯಿಂದ ಮನೆಗೆ ಬಂದಿತ್ತು.

“ಬಂತು ಟೀಚರಮ್ಮನ ಕನ್ನಡ! ಹೊಟ್ಟೆಗೂ ತಡಿ ಹೇಳು ಮಾರಾಯ್ತಿ” ಎಂದು ಅಮ್ಮ ಹಂಗಿಸುವಳು.

ಅರವತ್ತರ ದಶಕದ ಆರಂಭದಲ್ಲಿ ಅಮ್ಮನಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ದಿನಾ ಇನ್ಸುಲಿನ್ ಚುಚ್ಚಬೇಕೆಂದರು. ಪಕ್ಕದ ಮನೆಯ ಐಸಮ್ಮ ಪ್ರೀತಿಯಿಂದ ಏಕನಾಯಕವೆಂಬ ಕಾಡುಬಳ್ಳಿಯ ಬೇರು ತಂದುಕೊಟ್ಟರು. ಅದರ ಕಷಾಯ ಸಾಕು, ಸೂಜಿ ಬೇಡವೆಂದು ಅಮ್ಮ ಹಟ ಹಿಡಿದಳು. ಸೂಜಿ ಬಿಟ್ಟರೆ ಅಮ್ಮ ಉಳಿಯುವುದಿಲ್ಲವೆಂದು ನನಗೆ ಭಯ. ಅಕ್ಕ ಜಗಳವಾಡಲಿಲ್ಲ. ಶಾಲೆಯಿಂದ ಅಯೋಡಿನ್ ತಂದಳು.

ಎರಡು ಗ್ಲಾಸಿನಲ್ಲಿ ಗಂಜಿತಿಳಿ. ಒಂದಕ್ಕೆ ಮಾತ್ರ ಸ್ವಲ್ಪ ಕಷಾಯ.

“ಅಮ್ಮ, ಎರಡಕ್ಕೂ ಉಗಿ.”

“ಎಂತ? ಹುಚ್ಚು ಉಂಟಾ ನಿನಗೆ?”

ಐಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಅಮ್ಮ ಉಗಿದಳು. ಸ್ವಲ್ಪ ಹೊತ್ತು ಬಿಟ್ಟು ಅಕ್ಕ ಅಯೋಡಿನ್ ಹನಿಸಿದಳು. ಬರೀ ಗಂಜಿಯಲ್ಲಿ ಬಣ್ಣವೇ ಏಳಲಿಲ್ಲ. ಕಷಾಯ ಬೆರೆತ ಗಂಜಿ ಕಡುನೀಲಿಯಾಯಿತು.

“ಎಂಜಲು ಗಂಜಿಯನ್ನು ಸಕ್ಕರೆ ಮಾಡ್ತದೆ. ಸಕ್ಕರೆಯಾದದ್ದಕ್ಕೆ ನೀಲಿ ಬರುದಿಲ್ಲ. ಇಲ್ಲಿ ಈ ಬೇರು ಎಂಜಲಿಗೆ ತಡಿ ಹೇಳಿದೆ.”

ಕಾಡಿನ ಒಂದು ಬೇರು ನಮ್ಮ ಅಮ್ಮನ ಬಾಯಿಯ ನೀರನ್ನು ತಡೆದು ನಿಲ್ಲಿಸಿತ್ತು. ಆ ನೀಲಿಯನ್ನು ನಾನು ದೇವರ ಮುಂದೆ ನಿಂತಂತೆ ನೋಡಿದೆ.

“ಹಾಗಾದ್ರೆ ಸೂಜಿ ಎಂತಕ್ಕೆ?” ಎಂದಳು ಅಮ್ಮ, ಗೆದ್ದವಳಂತೆ.

“ಅದು ತಡಿ ಹೇಳಿದ್ದು ಅಮ್ಮ, ಹೋಗು ಹೇಳಿದ್ದಲ್ಲ. ಕಾಯಿಲೆ ಬಾಗಿಲಲ್ಲೇ ಉಂಟು. ಡಾಕ್ಟರು ಒಪ್ಪಿದ್ರೆ ಕಷಾಯ ಕುಡಿ. ಸೂಜಿ ಬಿಡ್ಲಿಕ್ಕಿಲ್ಲ.”

ಅಮ್ಮ ನೀಲಿ ಗ್ಲಾಸನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಸೂಜಿಗೆ ತೋಳು ಚಾಚಿದಳು.

ಕೆಲವು ವರ್ಷಗಳ ಮೇಲೆ ಕಾಮಾಲೆ ಏರಿ ಅತ್ತಾವರದ ಆಸ್ಪತ್ರೆಯಲ್ಲಿ ಮಲಗಿದ್ದು ಅಕ್ಕ. ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಹೇಳಿದ ಬೆಳಿಗ್ಗೆ, ತನ್ನ ಸೂಜಿ ಚುಚ್ಚಿಸಿಕೊಂಡೇ ಅಮ್ಮ ಬಂದಳು. ಅಕ್ಕನ ಎದೆಯ ಮೇಲೆ ಅಂಗೈ ಇಟ್ಟಳು. ಹಂಗಿಸಲಿಕ್ಕಲ್ಲದೆ ಎಂದೂ ಆಡದ ಆ ಕನ್ನಡವನ್ನು ಅಂದು ಮೆಲ್ಲಗೆ ಆಡಿದಳು.

“ತಡಿ ಮಗಾ. ತಡಿ.”

ಅಕ್ಕ ಕಣ್ಣು ತೆರೆದು ಅಮ್ಮನನ್ನು ನೋಡಿದಳು. ಸಂಜೆಯವರೆಗೆ ತಡೆದಳು.