ಅಡೋಬೊಗೆ ಬಿದ್ದ ಕರಿಬೇವು

ಕಳೆದ ಭಾನುವಾರ ಪಕ್ಕದ ಮನೆಯ ಚೇಚಿ, ಅಂದರೆ ಅಕ್ಕ, ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟರು. ಮುಚ್ಚಳ ತೆಗೆದದ್ದೇ ತಡ, ವಿನೆಗರ್, ಬೆಳ್ಳುಳ್ಳಿ, ಸೋಯಾ ಸಾಸ್, ಅದರ ಮೇಲೆ ಕರಿಬೇವಿನ ಘಮ. ಕೊಚ್ಚಿ ಬಳಿಯ ತ್ರಿಪ್ಪುಣಿತ್ತುರದ ನಮ್ಮ ಬೀದಿಯಲ್ಲಿ ಬೇರೆ ಯಾರ ಮನೆಯಲ್ಲೂ ಈ ವಾಸನೆ ಏಳುವುದಿಲ್ಲ. ಚೇಚಿಯ ಗಂಡ, ನಾನು ಅಣ್ಣ ಎಂಬರ್ಥದಲ್ಲಿ ಚೇಟ್ಟ ಎಂದು ಕರೆಯುತ್ತಿದ್ದವರು, ತೀರಿಕೊಂಡು ಅಂದಿಗೆ ವರ್ಷವಾಗಿತ್ತು.

ಚೇಟ್ಟ ಅಡುಗೆಯವರು. ಹರೆಯದಲ್ಲಿ ಮಂಗಳೂರಿನ ಹೋಟೆಲೊಂದರಲ್ಲಿ ದುಡಿದಿದ್ದರಿಂದ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು, ಮಗಳೇ ಎನ್ನುವ ಬದಲು ಮೋಳೇ ಎನ್ನುವುದೊಂದು ಬಿಟ್ಟರೆ. ಕಾಸರಗೋಡಿನಿಂದ ಬಂದು ಇಲ್ಲಿ ಬಿಡಾರ ಹೂಡಿದ್ದ ನನಗೆ ಅದೇ ದೊಡ್ಡ ಆಸರೆ. ಮಂಗಳೂರಿನ ನಂತರ ಅವರು ಗಲ್ಫಿಗೆ ಹೋಗಿ ಹಡಗುಗಳಲ್ಲಿ ಅಡುಗೆ ಮಾಡಿದರು. ಅಲ್ಲಿ ಕೆಲಸಕ್ಕೆ ಆ ದೇಶದವರನ್ನೇ ಇಟ್ಟುಕೊಳ್ಳಬೇಕೆಂಬ ಕಾನೂನು ಬಂದಾಗ ಗಂಟುಮೂಟೆ ಕಟ್ಟಿಕೊಂಡು ವಾಪಸಾದರು. ತನ್ನ ಜಾಗಕ್ಕೆ ಬಂದ ಹುಡುಗನಿಗೆ ತಾನೇ ಕೆಲಸ ಕಲಿಸಿಕೊಟ್ಟು ಬಂದೆ ಎಂದು ನಗುತ್ತಾ ಹೇಳುತ್ತಿದ್ದರು. ಆ ನಗು ನನಗೆ ಹಿಡಿಸುತ್ತಿರಲಿಲ್ಲ. ಊರಲ್ಲಿ ಮದುವೆ ಮನೆಗಳ ಅಡುಗೆ ಬಿಟ್ಟರೆ ಅವರಿಗೆ ಬೇರೆ ಕೆಲಸ ಸಿಗಲಿಲ್ಲ.

ಕೊಚ್ಚಿ ಬಂದರಿನಲ್ಲಿ ವಲ್ಲಾರ್ಪಾಡಂನ ಕಂಟೇನರ್ ಟರ್ಮಿನಲ್ ಇನ್ನೂ ಕಟ್ಟುತ್ತಿದ್ದ ಕಾಲ ಅದು. ನಾನು ಕೊಚ್ಚಿಯ ಒಂದು ಶಿಪ್ಪಿಂಗ್ ಏಜೆನ್ಸಿಯಲ್ಲಿದ್ದೆ. ಕಡಲಲ್ಲಿ ತೈಲ ಹುಡುಕುವ ವಿದೇಶಿ ಹಡಗೊಂದು ನಮ್ಮ ಪಾಲಿಗೆ ಬಂತು. ಇಂಥ ಹಡಗು ನಮ್ಮ ಸಮುದ್ರದಲ್ಲಿ ಹೆಚ್ಚು ಕಾಲ ದುಡಿದರೆ ಕೆಲವು ಹುದ್ದೆ ಭಾರತೀಯರಿಗೆ ಹೋಗಬೇಕು. ಉಳಿದ ವಿದೇಶಿಯರಿಗೆ ಕೆಲಸದ ವೀಸಾ ಬೇಕು, ಅದಕ್ಕೆ ಅವರು ತಮ್ಮ ದೇಶಕ್ಕೆ ಮರಳಿಯೇ ಅರ್ಜಿ ಹಾಕಬೇಕು. ಅಡುಗೆಯವನ ಹುದ್ದೆ ನಮ್ಮವರ ಪಾಲಿಗೆ ಬಂದಾಗ ನಾನು ಚೇಟ್ಟನ ಹೆಸರು ಹೇಳಿದೆ. ಚೇಚಿ ಅಂದು ಬೀದಿಗೆಲ್ಲ ಪಾಯಸ ಹಂಚಿದರು.

ಹಡಗಿನಲ್ಲಿ ಕೆಲಸ ಬಿಟ್ಟು ಹೋಗುವವನು ಹೊಸದಾಗಿ ಬರುವವನ ಜೊತೆ ಕೆಲವು ದಿನ ನಿಂತು ಕೆಲಸ ಒಪ್ಪಿಸಿಯೇ ಇಳಿಯುವುದು ಪದ್ಧತಿ. ಇಳಿಯಬೇಕಿದ್ದವನು ಫಿಲಿಪೀನ್ಸಿನ ಒಬ್ಬ ಮುದುಕ. ಒಮ್ಮೆ ಮನೆಗೆ ಹೋದರೆ ಆ ವಯಸ್ಸಿನವನನ್ನು ಕಂಪನಿ ಮತ್ತೆ ಕರೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಅವನಿಗೂ.

ಹಡಗು ಇನ್ನೂ ಬಂದರಿನಲ್ಲಿತ್ತು. ಒಂದು ಸಂಜೆ ಮನೆಗೆ ಬಂದ ಚೇಟ್ಟ ಜಗಲಿಯಲ್ಲಿ ಕೂತು ಹೇಳಿದರು, "ಮೋಳೇ, ಆ ಮನುಷ್ಯ ಒಂದೊಂದೇ ಡಬ್ಬಿ ತೆಗೆದು ತೋರಿಸ್ತಾನೆ. ಸಿಟ್ಟೇ ಇಲ್ಲ ಅವನಿಗೆ. ನನಗೆ ಅಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ."

ನಿಲ್ಲಲಾಗದಿದ್ದರೆ ಕೂತುಕೊಳ್ಳಿ, ಬಿಟ್ಟು ಮಾತ್ರ ಬರಬೇಡಿ ಎಂದು ಚೇಚಿ ಒಳಗಿನಿಂದ ಮಲಯಾಳದಲ್ಲಿ ಹೇಳಿದರು. ನನಗೆ ನಗು ಬಂತು. ಚೇಟ್ಟ ನಗಲಿಲ್ಲ.

ಮುದುಕನನ್ನು ಹಡಗಿನಲ್ಲೇ ಉಳಿಯಲು ಬಿಡಿ ಎಂಬ ಒಂದು ಕೊನೆಯ ಮನವಿ ಹಿಡಿದು ನಾನು ತಿರುವನಂತಪುರಕ್ಕೆ ಹೊರಟಾಗ, ಚೇಟ್ಟ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಟೇಷನ್ನಿಗೆ ಬಂದಿದ್ದರು. ಚೇಚಿಗೆ ಹೇಳಿರಲಿಲ್ಲ. ಪಟ್ಟಂನಲ್ಲಿ ವಿದೇಶಿಯರ ವೀಸಾ ನೋಡಿಕೊಳ್ಳುವ ಕಚೇರಿಯಲ್ಲಿ ಅಧಿಕಾರಿಯ ಮುಂದೆ ಕೈಕಟ್ಟಿ ನಿಂತು, ಈ ಕೆಲಸ ನನಗೆ ಬೇಡ, ಅವನನ್ನೇ ಇರಲು ಬಿಡಿ ಎಂದರು. ಅಧಿಕಾರಿ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿದರು. "ನೀವು ಬಿಟ್ಟರೆ ಇನ್ನೊಬ್ಬ ಭಾರತೀಯ ಹತ್ತುತ್ತಾನೆ, ಅಷ್ಟೇ. ಆ ಮುದುಕನಂತೂ ಉಳಿಯುವುದಿಲ್ಲ," ಎಂದು ಮಲಯಾಳದಲ್ಲಿ ತಿಳಿಸಿ ಹೇಳಿದರು.

ವಾಪಸು ರೈಲಿನಲ್ಲಿ ಚೇಟ್ಟ ಕಿಟಕಿಯ ಕಡೆ ತಿರುಗಿದವರು ಈ ಕಡೆ ತಿರುಗಲಿಲ್ಲ. ನಾನು ತೆಗೆದುಕೊಟ್ಟ ಚಹಾ ಕೈಯಲ್ಲೇ ಆರಿತು...

ಮುದುಕ ಇಳಿಯುವ ದಿನ ಅವನ ಮೆಚ್ಚಿನ ಅಡೋಬೊ, ಅಂದರೆ ವಿನೆಗರಿನಲ್ಲಿ ಬೇಯಿಸುವ ಕೋಳಿ, ಚೇಟ್ಟನೇ ಮಾಡಿದರು. ಕಾಗದಪತ್ರದ ಕೆಲಸಕ್ಕೆ ಹೋಗಿದ್ದ ನನ್ನನ್ನೂ ಊಟಕ್ಕೆ ಕೂರಿಸಿದರು. ಅಷ್ಟು ವರ್ಷ ಬಡಿಸಿದ್ದ ಮುದುಕ ಅಂದು ಎಲ್ಲರೊಡನೆ ಮೇಜಿಗೆ ಕೂತ. ಚೇಟ್ಟ ಬಾಗಿಲಲ್ಲಿ ಟವೆಲ್ ಹಿಂಡುತ್ತಾ ನಿಂತಿದ್ದರು. ಅವನು ಎರಡನೇ ಸಲ ಹಾಕಿಸಿಕೊಂಡು ತಟ್ಟೆ ಖಾಲಿ ಮಾಡಿದ, ಚೇಟ್ಟನ ಹೆಗಲು ತಟ್ಟಿ ಇಳಿದ.

ವಿಮಾನ ನಿಲ್ದಾಣಕ್ಕೆ ನಾನೇ ಕರೆದೊಯ್ದೆ. ಕಾರಿನಲ್ಲಿ ಅವನು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ: "ಪಲಾವ್ ಎಲೆ ಹಾಕು ಎಂದು ಕಲಿಸಿದ್ದೆ. ಅವನು ನಿಮ್ಮ ಎಲೆ ಹಾಕಿದ್ದಾನೆ. ನಾನು ಏನೂ ಅನ್ನಲಿಲ್ಲ. ಇನ್ನು ಅದು ಅವನ ಅಡುಗೆಮನೆ."

ಮರುದಿನ ಹಡಗಿಗೆ ಹೋದಾಗ ಚೇಟ್ಟನಿಗೆ ಅದನ್ನು ಹೇಳಿದೆ. ಕೈಗೆ ರೂಢಿಯಾದ ಕರಿಬೇವು, ಯೋಚಿಸದೆ ಹಾಕಿಬಿಟ್ಟಿದ್ದರು. ಒಲೆ ಸಣ್ಣದು ಮಾಡಿದರು.

"ಬೈದಿದ್ದರೆ ನನಗೆ ಸುಲಭ ಆಗ್ತಿತ್ತು, ಮೋಳೇ."

ಆ ಹಡಗು ನಮ್ಮ ಕಡಲು ಬಿಟ್ಟು ಹೋಗುವವರೆಗೂ ಚೇಟ್ಟ ಅದರಲ್ಲಿದ್ದರು, ಆಮೇಲೆ ಬೇರೆ ಹಡಗುಗಳಲ್ಲಿ. ರಜೆಗೆ ಬಂದಾಗಲೆಲ್ಲ ಅಡೋಬೊ ಮಾಡುತ್ತಿದ್ದರು. ಪಲಾವ್ ಎಲೆ ಮನೆಯಲ್ಲಿದ್ದರೂ ಕರಿಬೇವೇ ಹಾಕುತ್ತಿದ್ದರು. ಮುದುಕನ ಸುದ್ದಿ ವಿಚಾರಿಸಿದಿರಾ ಎಂದು ಕೇಳಿದರೆ ಸೌಟು ತಿರುಗಿಸುವುದರಲ್ಲಿ ಮಗ್ನರಾಗಿಬಿಡುತ್ತಿದ್ದರು... ಅವನು ಬದುಕಿದ್ದಾನೋ ಇಲ್ಲವೋ, ನನಗೂ ಗೊತ್ತಿಲ್ಲ.

ಭಾನುವಾರ ಚೇಚಿ ನಾನು ಉಣ್ಣುವುದನ್ನೇ ನೋಡುತ್ತಾ ಕೂತಿದ್ದರು. ಅವರು ಮಾಡುತ್ತಿದ್ದ ಹಾಗೇ ಮಾಡಿದ್ದೇನೆ, ಏನಾದರೂ ತಪ್ಪಿದೆಯಾ ಎಂದು ಕೇಳಿದರು. ಕರಿಬೇವಿನ ಎಲೆಯೊಂದು ನನ್ನ ತಟ್ಟೆಯ ಅಂಚಿನಲ್ಲಿತ್ತು.

ನಾನೂ ಏನೂ ಅನ್ನಲಿಲ್ಲ. ಎರಡನೇ ಸಲ ಹಾಕಿಸಿಕೊಂಡೆ.