ಸಬ್‌ಟೈಟಲ್ ಓದುವ ಕೆಲಸ

ನನಗೊಂದು ಚಟವಿದೆ. ಕೇಳದವರಿಗೂ ಪರಭಾಷೆಯ ಸಿನಿಮಾ ಶಿಫಾರಸು ಮಾಡುವ ಚಟ. ಕುಡಿತವೋ ಇಸ್ಪೀಟೋ ಆಗಿದ್ದರೆ ಮನೆಯವರು ಹೇಗಾದರೂ ಬಿಡಿಸುತ್ತಿದ್ದರು. ಇದನ್ನು ಬಿಡಿಸುವ ಡಾಕ್ಟರು ಮಾತ್ರ ಇಷ್ಟು ದೊಡ್ಡ ಪುಣೆಯಲ್ಲಿ ಇನ್ನೂ ಸಿಕ್ಕಿಲ್ಲ. ಯಾರಾದರೂ ಬಾಯಿತಪ್ಪಿ ‘ಈ ಭಾನುವಾರ ಮನೆಯಲ್ಲೇ ಇರ್ತೀನಿ’ ಅಂದರೆ ಸಾಕು, ನಾನು ಜೇಬಿನಿಂದ ಚೀಟಿ ತೆಗೆದು ಹೆಸರು ಬರೆಯಲು ಶುರು ಮಾಡುತ್ತೇನೆ. ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಬಾಯಿ ತೆರೆದೇ ಇರಬೇಕಾದ್ದರಿಂದ ಅರ್ಧ ಗಂಟೆ ತಡೆದುಕೊಂಡೆ. ಬಾಯಿ ಮುಕ್ಕಳಿಸಿದ ಮರುಕ್ಷಣ ಒಂದು ಜಪಾನಿ ಚಿತ್ರ ಹೇಳಿ ಬಂದೆ.

ಕೊಂಢವಾದಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಒಮ್ಮೆ ನನ್ನ ಮಾತು ನಂಬಿ, ಕುರಿ ಕಾಯುವವನೊಬ್ಬನ ಮೂರು ತಾಸಿನ ಚಿತ್ರವನ್ನು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನೋಡಿದರು. ಮರುದಿನ ಲಿಫ್ಟಿನಲ್ಲಿ ಸಿಕ್ಕವರು ನನ್ನನ್ನೇ ದಿಟ್ಟಿಸಿ, ‘ಕಾಕಾ, ಮೇಂಢೀ ಚಾಲತೇ, ಚಾಲತೇ, ಚಾಲತೇ... ಪುಢೇ ಕಾಯ್?’ ಎಂದರು. ಕುರಿ ನಡೆಯುತ್ತದೆ, ನಡೆಯುತ್ತದೆ, ನಡೆಯುತ್ತದೆ, ಮುಂದೇನು? ಮುಂದೆಯೂ ಅದು ನಡೆಯುತ್ತದೆ ಎಂದು ಹೇಳುವ ಧೈರ್ಯ ಆ ಇಕ್ಕಟ್ಟಿನ ಲಿಫ್ಟಿನಲ್ಲಿ ಬರಲಿಲ್ಲ.

ಪರಭಾಷೆಯ ಚಿತ್ರ ನೋಡುವುದು ಅಂದರೆ ಅರ್ಧ ನೋಡುವುದು, ಅರ್ಧ ಓದುವುದು. ತೆರೆಯ ಕೆಳಗೆ ಎರಡು ಸಾಲು ಮೂಡುತ್ತವೆ, ಓದಿ ತಲೆಯೆತ್ತುವಷ್ಟರಲ್ಲಿ ಅಳುತ್ತಿದ್ದವಳು ಕಣ್ಣೊರೆಸಿಕೊಂಡು ಎದ್ದುಹೋಗಿರುತ್ತಾಳೆ. ಗಮಕದಲ್ಲಿ ಒಬ್ಬರು ಹಾಡುತ್ತಾರೆ, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಾರೆ. ಸಬ್‌ಟೈಟಲ್ ಕೂಡ ಅಂಥದೇ ಒಬ್ಬ ವ್ಯಾಖ್ಯಾನಕಾರ, ಸ್ವಲ್ಪ ಮಿತಭಾಷಿ, ಅಷ್ಟೇ. ಧಾರವಾಡದಲ್ಲಿ ನಾನು ಚಿಕ್ಕವನಿದ್ದಾಗ ಕೇಳಿದ ಒಬ್ಬ ವ್ಯಾಖ್ಯಾನಕಾರರು ಸಾವಿನ ಪ್ರಸಂಗ ಬಂದಾಗಲೆಲ್ಲ ನಡುವೆ ಒಂದು ಚಟಾಕಿ ಹಾರಿಸಿ ಹೆಂಗಸರ ಕಣ್ಣೀರು ನಿಲ್ಲಿಸುತ್ತಿದ್ದರು. ಅದು ಅವರ ದೊಡ್ಡ ಗುಣ ಎಂದು ಬಹಳ ಕಾಲ ನಂಬಿದ್ದೆ. ಈಗ ಅಷ್ಟು ಖಚಿತವಿಲ್ಲ. ಅದಕ್ಕೆ ಕಾರಣ ಗುರುನಾಥ.

ಗುರುನಾಥ ನನ್ನ ವಾರಗೆಯವನು, ಗದಗಿನ ಕಡೆಯವನು. ಬಿಬವೇವಾಡಿಯಲ್ಲಿ ಅವನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆ ತಂದು ತೋರಿಸಿದರೆ ಅದಕ್ಕೆ ಒಪ್ಪುವ ರವಿಕೆ ಬಟ್ಟೆ ಕತ್ತರಿಸಿ ಕೊಡುವ ಅಂಗಡಿ. ಗೋಡೆ ತುಂಬ ಬಟ್ಟೆಯ ಸುರುಳಿಗಳು, ಕೆಂಪೊಂದರಲ್ಲೇ ನಲವತ್ತು ಛಾಯೆ. ಅವನು ಸೀರೆಯನ್ನು ಒಮ್ಮೆ ನೋಡಿ, ತಿರುಗಿ, ನಲವತ್ತರಲ್ಲಿ ಒಂದನ್ನು ಎಳೆದನೆಂದರೆ ಮತ್ತೆ ಹೋಲಿಸಿ ನೋಡುವ ಪ್ರಸಂಗವಿರಲಿಲ್ಲ. ನಮ್ಮ ಪರಿಚಯವಾದದ್ದು ಚಿತ್ರೋತ್ಸವವೊಂದರ ಸಾಲಿನಲ್ಲಿ. ಎರಡು ತಾಸು ನಿಂತ ಮೇಲೆ ‘ಹೌಸ್‌ಫುಲ್’ ಎಂಬ ಹಲಗೆ ಹಾಕಿದಾಗ ನನ್ನ ಮುಂದಿದ್ದವನು ಅಚ್ಚ ಕನ್ನಡದಲ್ಲಿ ಒಂದು ಬೈಗುಳ ಬೈದ. ಪರದೇಶದಲ್ಲಿ ತಾಯಿಯ ದನಿ ಕೇಳಿದಷ್ಟು ಸಂತೋಷವಾಯಿತು ನನಗೆ. ಅಲ್ಲಿಂದ ಹದಿನೇಳು ವರ್ಷ ನಾವು ಒಟ್ಟಿಗೇ ಚಿತ್ರ ನೋಡಿದೆವು. ನನ್ನ ಶಿಫಾರಸನ್ನು ಎಂದೂ ತಪ್ಪಿಸದ ಏಕೈಕ ಮನುಷ್ಯ ಅವನು.

ಒಂದು ಸಲ ಚಿತ್ರ ಮುಗಿಸಿ ಚಹಾ ಕುಡಿಯುವಾಗ ಅವನೆಂದ: ‘ಶೇಖರ, ಈಗೀಗ ಈ ಮಂದಿ ಸಬ್‌ಟೈಟಲ್ ಭಾಳ ಕೆಳಗ ಹಾಕ್ತಾರಪಾ. ಓದೂದ್ರಾಗ ಹೋಗೇ ಬಿಡ್ತಾವ.’

ನಾನು ನಕ್ಕೆ. ‘ವಯಸ್ಸಾತು ಗುರು. ಚಾಳೀಸು ಬದಲಿಸು’ ಎಂದೆ.

ಅವನು ಚಷ್ಮಾ ಬದಲಿಸಿದ. ಮತ್ತೆ ಬದಲಿಸಿದ. ಅಂಗಡಿಯಲ್ಲಿ ಮೆಟ್ಟಿಲು ಎಡವಿ ಬಿದ್ದ ಮೇಲೆ ದೊಡ್ಡ ಆಸ್ಪತ್ರೆಗೆ ಹೋದ. ಕಣ್ಣಿನ ಒಳಗಿನ ಒತ್ತಡ ಏರಿ ನರ ಒಣಗುತ್ತ ಬಂದಿದೆ, ದೃಷ್ಟಿ ಅಂಚಿನಿಂದ ಶುರುವಾಗಿ ಒಳಗೊಳಗೆ ಸವೆಯುತ್ತಿದೆ, ಹೋದದ್ದು ಮರಳುವುದಿಲ್ಲ ಎಂದರು. ಸಬ್‌ಟೈಟಲ್ ಕೆಳಗೆ ಹೋಗಿರಲಿಲ್ಲ. ಅವನ ದೃಷ್ಟಿಯ ಕೆಳಗಿನ ಅರ್ಧ ಹೋಗಿತ್ತು. ನಾನು ನಕ್ಕ ದಿನಕ್ಕೂ ಡಾಕ್ಟರು ಅದನ್ನು ಹೇಳಿದ ದಿನಕ್ಕೂ ನಡುವೆ ಎಂಟು ತಿಂಗಳಾಗಿದ್ದವು. ಆ ಎಂಟು ತಿಂಗಳನ್ನು ನಾನು ಬಹಳ ಕಾಲ ಯಾರ ಮುಂದೂ ಜೋರಾಗಿ ಎಣಿಸಲಿಲ್ಲ.

ಎರಡೇ ವರ್ಷದಲ್ಲಿ ಎಲ್ಲ ಮುಗಿಯಿತು. ಕಿಟಕಿ ಎಲ್ಲಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಅಂಗಡಿಯಲ್ಲಿ ಅವನ ಹೆಂಡತಿ ಸುಮಾ ವೈನಿ ಕೂತರು. ಅವನು ಮನೆಯಲ್ಲಿ, ಕುರ್ಚಿಯಲ್ಲಿ. ನೋಡಲು ಹೋದವರೆಲ್ಲ ‘ಈಗ ಭಾಳ ಮುಂದ ಹೋಗ್ಯದ್ರಿ ವಿಜ್ಞಾನ, ಏನರೆ ಔಷಧ ಬಂದ ಬರತದ’ ಎಂದು ಹೇಳಿ, ಬಾಳೆಹಣ್ಣು ಇಟ್ಟು ಎದ್ದು ಬರುತ್ತಿದ್ದರು. ನಾನೂ ಹಾಗೇ ಹೇಳಿದ್ದೆ. ಡಾಕ್ಟರೂ ಒಮ್ಮೆ ‘ನೋಡೋಣ’ ಎಂದರಂತೆ. ಕಣ್ಣಿಲ್ಲದವನ ಮುಂದೆ ಎಲ್ಲರೂ ಆ ಮಾತನ್ನೇ ಯಾಕೆ ಆಡುತ್ತಾರೋ.

ಆಗ ನನಗೆ ಹೊಳೆದದ್ದು ಈ ಸಬ್‌ಟೈಟಲ್ ಓದುವ ಕೆಲಸ. ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪ್ ಹಿಡಿದು ಅವನ ಮನೆಗೆ ಹೋಗುತ್ತಿದ್ದೆ. ಚಿತ್ರ ಹಚ್ಚಿ ಪಕ್ಕದಲ್ಲಿ ಕೂತು, ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಕನ್ನಡ ಮಾಡಿ ಹೇಳುತ್ತಿದ್ದೆ. ಮಾತಿಲ್ಲದ ಕಡೆ ‘ಈಗ ಬಾಗಿಲ ತಗದಳು, ಮಳಿ ಬರಲಿಕ್ಕತ್ತದ’ ಎಂದು ತೆರೆಯ ಮೇಲಿನದನ್ನೂ ಸೇರಿಸುತ್ತಿದ್ದೆ. ಮೊದಮೊದಲು ಗಂಡಸು ಹೆಂಗಸು ಇಬ್ಬರ ಮಾತನ್ನೂ ಒಂದೇ ದನಿಯಲ್ಲಿ ಓದಿ ಒಂದು ಫ್ರೆಂಚ್ ಜಗಳವನ್ನು ಪೂರ್ತಿ ಕೆಡಿಸಿದೆ. ಗಂಡನ ತಪ್ಪು ಹೆಂಡತಿಯ ತಲೆಗೆ ಬಂದಿತ್ತು. ಗುರುನಾಥ ಬಹಳ ದಿನಕ್ಕೆ ಅವತ್ತು ನಕ್ಕ.

ಒಂದು ಭಾನುವಾರ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಸುಮಾ ವೈನಿ ಹೊರಗೆ ಬಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು.

‘ಅಣ್ಣಾರ, ಇವರು ನಿನ್ನಿ ಕೋಲು ಹಿಡಕೊಂಡು ಒಬ್ಬರೇ ಮ್ಯಾಲೆ ಗಚ್ಚಿಗೆ ಹೋಗಿದ್ರು. ಅಂಚಿನ ಕಟ್ಟಿ ಹತ್ರ ನಿಂತಿದ್ರು. ನಾ ಕರದೆ. ಗಾಳಿಗೆ ಬಂದೇನಿ ಅಂದ್ರು.’ ದನಿ ತಗ್ಗಿಸಿ ಹೇಳಿದರು: ‘ಚಪ್ಪಲಿ, ಕೈಗಡಿಯಾರ ಎರಡೂ ತಗದು ಬಾಜೂಕ ಇಟ್ಟಿದ್ರು, ಅಣ್ಣಾರ.’

‘ನಾ ಇದ್ದೀನಲ್ರಿ’ ಎಂದೆ. ಇದ್ದು ಏನು ಮಾಡುತ್ತೇನೆ ಎಂದು ಅವರು ಕೇಳಲಿಲ್ಲ.

ಅವತ್ತು ನಾನು ತಂದಿದ್ದು ಬಾಲ್ಟಿಕ್ ಸಮುದ್ರದ ಕಡೆಯ ಒಂದು ಪುಟ್ಟ ದೇಶದ ಚಿತ್ರ. ಮುದುಕ ದರ್ಜಿಯೊಬ್ಬನ ಕತೆ. ಬಟ್ಟೆ ವ್ಯಾಪಾರಿಗೆ ಹಿಡಿಸುತ್ತದೆಂದು ಆರಿಸಿದ್ದೆ. ಹಿಂದೆಂದೋ ಚಿತ್ರೋತ್ಸವದಲ್ಲಿ ನೋಡಿ, ‘ಮನಸ್ಸಿಗೆ ತಂಪು’ ಎಂದು ಕನಿಷ್ಠ ಇಪ್ಪತ್ತು ಜನರಿಗೆ ಶಿಫಾರಸು ಮಾಡಿದ್ದ ಚಿತ್ರ. ಇಲ್ಲಿ ನಾನು ಒಪ್ಪಿಕೊಳ್ಳಲೇಬೇಕಾದ ವಿಷಯವೆಂದರೆ, ಅಂದು ಭರ್ಜರಿ ಊಟ ಮಾಡಿ ಒಳಗೆ ಹೋದ ನಾನು ಕಡೆಯ ಅರ್ಧ ತಾಸು ನಿದ್ದೆ ಮಾಡಿದ್ದೆ. ಆ ತಂಪು ಚಿತ್ರದ್ದಲ್ಲ, ಎ.ಸಿ.ಯದು.

ದರ್ಜಿಯ ಬಲಗೈ ನಡುಗಲು ಶುರುವಾಗುವವರೆಗೆ ನಾನು ಉತ್ಸಾಹದಿಂದ ಓದಿದೆ. ಆಮೇಲೆ ನನ್ನ ದನಿ ಸಣ್ಣದಾಯಿತು. ಅವನಿಗೆ ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ಅಂಗಡಿಯನ್ನು ಮಗನಿಗೆ ಒಪ್ಪಿಸುತ್ತಾನೆ. ಊರವರು ಬಂದು ಏನೇನೋ ಸಮಾಧಾನ ಹೇಳಿ ಹೋಗುತ್ತಾರೆ. ಗುರುನಾಥ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದ. ನಿಲ್ಲಿಸೋಣವೆಂದರೆ ಯಾವ ನೆಪ? ಕಡೆಗೆ ಒಂದು ಬೆಳಿಗ್ಗೆ ದರ್ಜಿ ತನ್ನ ಕತ್ತರಿಯನ್ನು ಒರೆಸಿ ಮೇಜಿನ ಮೇಲಿಟ್ಟು, ಮಗನಿಗೆ ನಾಲ್ಕು ಸಾಲು ಬರೆದು, ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆಯತೊಡಗಿದ. ನಡುವೆ ಮಂಜುಗಡ್ಡೆ ತೆಳುವಾಗಿರುವುದು ನನಗೆ ಕಾಣುತ್ತಿತ್ತು. ಅವನಿಗೂ ಗೊತ್ತಿತ್ತು. ಆಮೇಲೆ ತೆರೆಯ ಮೇಲೆ ಬಿಳಿಯ ಬಯಲಷ್ಟೇ ಉಳಿಯಿತು, ಮನುಷ್ಯನಿರಲಿಲ್ಲ.

ನಾನು ಹೇಳಿದೆ: ‘ಈಗ ಅಂವಾ ಸರೋವರ ನೋಡಲಿಕ್ಕೆ ಹೋಗ್ಯಾನ. ಸೂರ್ಯ ಹುಟ್ಟಲಿಕ್ಕತ್ತಾನ. ಸ್ವಲ್ಪ ಹೊತ್ತು ನಿಂತು ತಿರುಗಿ ಮನೀಗೆ ಬಂದ. ಮಗ ಚಹಾ ಕೊಟ್ಟ. ಮುಗೀತು.’

ತೆರೆಯ ಮೇಲೆ ಕಲಾವಿದರ ಹೆಸರುಗಳು ಏರುತ್ತಿದ್ದವು.

‘ಹೋದ ಹೆಜ್ಜಿ ಸಪ್ಪಳ ಕೇಳಸ್ತು’ ಎಂದ ಗುರುನಾಥ. ‘ಬಂದದ್ದು ಕೇಳಸಲಿಲ್ಲ.’

ನಾನು ಲ್ಯಾಪ್‌ಟಾಪ್ ಮುಚ್ಚಲು ಹೋದೆ.

‘ಶೇಖರ, ನನ್ನ ಕಣ್ಣ ಹೋಗ್ಯಾವ. ಕಿವಿ ಹೋಗಿಲ್ಲ. ಏನಾತು ಅಲ್ಲೆ?’

‘ಹೇಳಿದ್ನೆಲ್ಲೋ...’

‘ಸುಳ್ಳ ಹೇಳಬ್ಯಾಡ!’ ಕುರ್ಚಿಯ ಕೈಯನ್ನು ಗುದ್ದಿದ. ಒಳಗೆ ವೈನಿಯ ಪಾತ್ರೆಯ ಸದ್ದು ನಿಂತಿತು. ‘ಡಾಕ್ಟರ್ ಸುಳ್ಳ ಹೇಳ್ತಾನ. ಬಂದವರೆಲ್ಲಾ ಔಷಧ ಬರತದ ಅಂತಾರ. ಸುಮಾ ಅಡಗಿಮನ್ಯಾಗ ಅತ್ತು ಬಂದು ಉಳ್ಳಾಗಡ್ಡಿ ಹೆಚ್ಚಿದೆ ಅಂತಾಳ. ಈ ಸಬ್‌ಟೈಟಲ್ ಒಂದ ಖರೇ ಹೇಳತಿತ್ತು ನನಗ. ಅದನ್ನೂ ಕೆಡಿಸಿದೆಲ್ಲೋ ನೀ!’

ಆಗ ನನ್ನ ಬಾಯಿಂದ ಬಂದ ಮಾತು ನಾನು ಯೋಚಿಸಿ ಆಡಿದ್ದಲ್ಲ: ‘ಗುರು, ನಿನ್ನಿ ಗಚ್ಚೀ ಮ್ಯಾಲೆ ಯಾಕ ಹೋಗಿದ್ದಿ?’

ಅವನು ಮುಖವನ್ನು ಕಿಟಕಿಯ ಬೆಳಕಿನ ಕಡೆಗೆ ತಿರುಗಿಸಿದ. ಬಾಗಿಲಿಗೆ ಬಂದು ನಿಂತಿದ್ದ ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

‘ನಿನಗೇನ ಅನಸ್ತದ, ಅದಕ್ಕ ಹೋಗಿದ್ದೆ’ ಎಂದ. ‘ಕೆಳಗ ಬಂದ ಮ್ಯಾಲೆ ಯಾರರೆ ಯಾಕ ಅಂತ ಕೇಳ್ತಾರೇನು ಅಂತ ನೋಡಿದೆ. ಸುಮಾ ಊಟಕ್ಕ ಏನ ಮಾಡಲಿ ಅಂತ ಕೇಳಿದಳು. ನೀ ಇವತ್ತ ಬಂದು ಬರೇ ಗಾಡಿ, ಟ್ರಾಫಿಕ್ ಮಾತಾಡಿದಿ.’

ಅವತ್ತು ನಾವು ಮೂವರೂ ಮಾತಾಡಿದೆವು. ಸುಂದರವಾದ ಮಾತುಗಳಲ್ಲ. ವೈನಿ ಅತ್ತರು, ಬೈದರು, ‘ನನ್ನನ್ನ ಏನಂತ ತಿಳದೀರಿ’ ಎಂದು ಕೇಳಿದರು. ಎಂಟು ತಿಂಗಳ ಮಾತನ್ನು ನಾನು ಮೊದಲ ಸಲ ಹೇಳಿದೆ. ‘ಚಾಳೀಸು ಬದಲಿಸು ಅಂತ ನಕ್ಕಿದ್ದೆ ನಾನು’ ಎಂದೆ. ‘ಗೊತ್ತದ’ ಎಂದ ಗುರುನಾಥ. ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಮನಸ್ಸಿನ ಡಾಕ್ಟರೊಬ್ಬರನ್ನು ಕಾಣುವುದಕ್ಕೆ ಅವನು ಒಪ್ಪಿದ. ‘ನೋಡೋಣ ಅನ್ನೋ ಡಾಕ್ಟರ್ ಆದ್ರ ಎದ್ದ ಬರ್ತೀನಿ’ ಎಂಬ ಷರತ್ತಿನ ಮೇಲೆ.

ಸಂಜೆಯಾಗುತ್ತ ಬಂದಾಗ ನಾನು ಎದ್ದೆ. ಅವನು ನನ್ನ ಕೈ ಹಿಡಿದ.

‘ಕಡೀ ಇಪ್ಪತ್ತ ನಿಮಿಷ ಮತ್ತ ಹಚ್ಚು. ಈ ಸಲ ಖರೇ ಓದು.’

ನಾನು ವೈನಿಯ ಮುಖ ನೋಡಿದೆ. ಅವರು ಬಂದು ಅವನ ಪಕ್ಕದಲ್ಲಿ ಕೂತು ‘ಹಚ್ರಿ’ ಎಂದರು. ಹಚ್ಚಿದೆ. ಕತ್ತರಿ ಒರೆಸಿದ್ದು, ಮಗನಿಗೆ ಬರೆದ ನಾಲ್ಕು ಸಾಲು, ತೆಳುವಾದ ಮಂಜುಗಡ್ಡೆ, ಖಾಲಿ ಬಯಲು, ಎಲ್ಲವನ್ನೂ ಇದ್ದ ಹಾಗೆ ಹೇಳಿದೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಓದನ್ನು ಓದಿಲ್ಲ. ಮುಗಿದ ಮೇಲೆ ಗುರುನಾಥ ಹಳೆಯ ಗುರುನಾಥನ ಹಾಗೆ, ಚಹಾದಂಗಡಿಯ ಮುಂದೆ ನಿಂತು ಚಿತ್ರವನ್ನು ಹರಿದು ಹಂಚುತ್ತಿದ್ದ ದನಿಯಲ್ಲಿ ಹೇಳಿದ:

‘ಡೈರೆಕ್ಟರ್ ಮೈಗಳ್ಳ ಇದ್ದಾನ. ಮುಂದಿನ ಕತಿ ಹೊಳದಿಲ್ಲ, ಮುದುಕನ್ನ ಮುಳಗಿಸ್ಯಾನ. ಮಗನ ಮಾರಿ ಒಂದ್ಸಲನರೆ ತೋರಿಸಬೇಕಿತ್ತಿಲ್ಲೋ ಚೀಟಿ ಓದೂ ಮುಂದ?’

ಇದೆಲ್ಲ ಆಗಿ ಮೂರು ವರ್ಷವಾಯಿತು. ಚಮತ್ಕಾರವೇನೂ ಆಗಿಲ್ಲ. ಕಿಟಕಿಯ ಬೆಳಕೂ ಈಗ ಅವನಿಗೆ ಕಾಣುವುದಿಲ್ಲ. ವಾರದಲ್ಲಿ ನಾಲ್ಕು ದಿನ ಅಂಗಡಿಗೆ ಹೋಗಿ ಗಲ್ಲಾಪೆಟ್ಟಿಗೆಯ ಪಕ್ಕ ಕೂರುತ್ತಾನೆ. ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ಪಾಪ್ಲಿನ್ನೋ ರೇಷ್ಮೆಯೋ ಹೇಳುತ್ತಾನೆ. ಬಣ್ಣ ಮಾತ್ರ ವೈನಿಯೇ ಹೇಳಬೇಕು. ಅವರು ‘ಕೆಂಪು’ ಎಂದರೆ ‘ಯಾವ ಕೆಂಪು?’ ಎಂದು ಸಿಟ್ಟಿಗೇಳುತ್ತಾನೆ. ಕೆಲವು ದಿನ ಹಾಸಿಗೆಯಿಂದ ಏಳುವುದಿಲ್ಲ. ಅಂಥ ದಿನ ಫೋನು ಮಾಡಿ ‘ಇವತ್ತ ಛಲೋ ಇಲ್ಲ’ ಎನ್ನುತ್ತಾನೆ. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋಗುತ್ತೇನೆ. ಅಷ್ಟು ಹೇಳುವುದನ್ನು ಅವನೂ, ಕೇಳುವುದನ್ನು ನಾನೂ ಕಲಿಯುವುದಕ್ಕೆ ನಾವು ಅರವತ್ತರ ಹತ್ತಿರ ಬರಬೇಕಾಯಿತು.

ಶಿಫಾರಸಿನ ಚಟ ಬಿಟ್ಟಿಲ್ಲ. ಆದರೆ ನಿದ್ದೆ ಹೋದ ಚಿತ್ರಗಳನ್ನು ಪಟ್ಟಿಯಿಂದ ತೆಗೆದಿದ್ದೇನೆ, ಪಟ್ಟಿ ಬಹಳ ಚಿಕ್ಕದಾಗಿದೆ. ಹೆಸರು ಹೇಳುವ ಮೊದಲು ಮನೆಯಲ್ಲಿ ಎಲ್ಲ ಹೇಗಿದ್ದಾರೆ ಎಂದು ಕೇಳುತ್ತೇನೆ. ಸಿನಿಮಾ ಕೇಳಿದವರಿಗೆ ಇದು ವಿಚಿತ್ರವೆನಿಸುತ್ತದೆ. ಕೆಲವರು ಸುಮ್ಮನೆ ‘ಆರಾಮ’ ಅನ್ನುತ್ತಾರೆ. ಇನ್ನು ಕೆಲವರು ಹೇಳಲು ಶುರು ಮಾಡುತ್ತಾರೆ, ಸಿನಿಮಾದ ಮಾತು ಬರುವಷ್ಟರಲ್ಲಿ ಬಸ್ಸು ಬಂದುಬಿಡುತ್ತದೆ.

ಕಳೆದ ಭಾನುವಾರ ಗುರುನಾಥ ನಗಿಸುವ ಚಿತ್ರವೇ ಬೇಕೆಂದು ಹಟ ಹಿಡಿದ. ಒಂದು ಇಟಲಿಯ ಚಿತ್ರ ಒಯ್ದೆ. ಒಳ್ಳೆಯ ಸಾಲೊಂದು ಬಂತು, ನಾನು ಓದಿ ಹೇಳುವ ಮೊದಲೇ ನಕ್ಕುಬಿಟ್ಟೆ.

‘ಲೇ, ಮೊದಲ ಓದು, ಆಮ್ಯಾಲೆ ನಗು’ ಎಂದ. ‘ನೀ ನಕ್ಕ ಮ್ಯಾಲೆ ನಾ ನಕ್ಕರ ಅದು ತಂಗಳ ನಗಿ ಆಗ್ತದ.’

ಹಾಗಾಗಿ ಈಗ ನಾನು ತುಟಿ ಕಚ್ಚಿಕೊಂಡು ಓದಿ, ಅವನ ಮುಖ ನೋಡುತ್ತ ಕಾಯುತ್ತೇನೆ. ಕೆಲವು ಸಲ ಅವನು ನಗುತ್ತಾನೆ, ಆಗ ಇಬ್ಬರೂ ನಗುತ್ತೇವೆ. ಕೆಲವು ಸಲ ಅವನಿಗೆ ನಗು ಬರುವುದಿಲ್ಲ. ಆಗ ನಾನೂ ನನ್ನದನ್ನು ನುಂಗಿಕೊಂಡು ಮುಂದಿನ ಸಾಲು ಓದುತ್ತೇನೆ.